ಮೃದಂಗ ಬಿಡದೆ ಜಾಝ್ ನುಡಿಸಿದ ಬೆಂಗಳೂರಿನ ಮಣಿ

ನಮ್ಮ ಕೂಟದ ಮಕ್ಕಳಲ್ಲಿ ಡ್ರಮ್ಸ್ ಕ್ಲಾಸಿಗೆ ಹೋಗುವವರು ಎಷ್ಟು ಬೇಕಾದರೂ ಸಿಗುತ್ತಾರೆ. ಮೃದಂಗದ ಮುಂದೆ ಕೂರುವವರು ಮಾತ್ರ ಹುಡುಕಿದರೂ ಕಾಣುವುದಿಲ್ಲ. ಎರಡು ಪುಟ ಖಾಲಿ ಬಿದ್ದಿವೆ, ಏನಾದರೂ ಬರೆದುಕೊಡಿ ಎಂದು ಸಂಚಿಕೆಯವರು ಬೆನ್ನು ಹತ್ತಿದಾಗ ನನಗೆ ತೋಚಿದ್ದು ಟಿ.ಎ.ಎಸ್. ಮಣಿಯವರ ಹೆಸರು. ನಾವಿರುವ ಈ ಜರ್ಮನಿಗೂ ಅವರಿಗೂ ನಂಟಿದೆ ಎಂಬುದು ಇನ್ನೊಂದು ಅನುಕೂಲ.

ಮಕ್ಕಳಿಗಾಗಿ ಮೊದಲು ವಾದ್ಯದ ವಿಷಯ. ಮೃದಂಗವೆಂದರೆ ಹಲಸಿನ ಮರದ ದಿಂಡನ್ನು ಒಳಗೆ ಕೊರೆದು, ಎರಡು ಬಾಯಿಗೂ ಚರ್ಮ ಬಿಗಿದ ವಾದ್ಯ. ಬಲಮುಖದ ನಡುವೆ ಕರಣೆ ಎಂಬ ಕಪ್ಪು ಲೇಪ ಇರುತ್ತದೆ. ಎಡಮುಖಕ್ಕೆ ಕಚೇರಿಗೆ ಸ್ವಲ್ಪ ಮುಂಚೆ ನೆನೆಸಿದ ರವೆ ಮೆತ್ತುತ್ತಾರೆ. ಉಪ್ಪಿಟ್ಟಿಗೆ ಹಾಕುವ ರವೆಯೇ. ಇದು ದೊಡ್ಡವರಿಗೆಲ್ಲ ಗೊತ್ತಿದ್ದದ್ದೇ, ಆದರೂ ಬರೆದಿಟ್ಟರೆ ನಷ್ಟವಿಲ್ಲ.

ಮಣಿ ಬೆಂಗಳೂರಿನಲ್ಲಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಶಾಲೆ ತೆರೆದರು. ತಾಳವಾದ್ಯಗಳಿಗೇ ಮೀಸಲಾದ ಶಾಲೆ. ಪಕ್ಕವಾದ್ಯದವರನ್ನು ಪಕ್ಕದಲ್ಲೇ ಕೂರಿಸಿ ಅಭ್ಯಾಸವಾದ ನಮ್ಮ ಸಂಗೀತಲೋಕದಲ್ಲಿ ಇದು ಸಣ್ಣ ಧೈರ್ಯವಲ್ಲ.

ಎಷ್ಟು ಧೈರ್ಯವೆಂದು ತಿಳಿಯಲು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿಯನ್ನು ನೆನೆಯಬೇಕು. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಪೆಂಡಾಲು ಅದು. ದೊಡ್ಡಪ್ಪ ನಮ್ಮನ್ನೆಲ್ಲ ಹಿಂಡು ಕಟ್ಟಿ ಕರೆದೊಯ್ಯುತ್ತಿದ್ದರು. ನಮ್ಮ ಕಣ್ಣು ಪಾನಕ, ಕೋಸಂಬರಿಯ ಮೇಲೆ. ಗಾಯಕರು ಹಾಡು ನಿಲ್ಲಿಸಿ ಮೃದಂಗದವರತ್ತ ಕೈ ತೋರಿದರೆ, ಅಂದರೆ ತನಿಯಾವರ್ತನ ಶುರುವಾದರೆ, ಅರ್ಧ ಪೆಂಡಾಲು ಕಾಫಿಗೆ ಏಳುತ್ತಿತ್ತು. ದೊಡ್ಡಪ್ಪ ಮಾತ್ರ ನಮ್ಮ ಅಂಗಿ ಜಗ್ಗಿ ಕೂರಿಸುತ್ತಿದ್ದರು. "ಕೂತ್ಕೊಳ್ರೋ, ಲೆಕ್ಕ ನೋಡಿ" ಎಂದು ನಮ್ಮ ತೊಡೆಯ ಮೇಲೇ ತಾಳ ಹಾಕುವರು, ಸ್ವಲ್ಪ ಜೋರಾಗಿಯೇ. ಮೃದಂಗದವರು ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು, ನುಡಿಸಿದರೆ ಘಟದವರು ಎರಡು ಆವರ್ತದ ಉತ್ತರ ಕೊಡಬೇಕು. ಆಮೇಲೆ ಒಂದೊಂದು, ಆಮೇಲೆ ಅರ್ಧರ್ಧ. ಹೀಗೆ ಕುಗ್ಗುತ್ತಾ ಬಂದು ಇಬ್ಬರೂ ಒಂದಾಗಿ, ಮೂರು ಸಲದ ಮುಕ್ತಾಯ ಹೊಡೆದು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಬಿದ್ದಾಗ ದೊಡ್ಡಪ್ಪನ ಮುಖ ಪರೀಕ್ಷೆ ಪಾಸಾದ ಹುಡುಗನಂತೆ ಅರಳುತ್ತಿತ್ತು. ಕಾಫಿಗೆ ಹೋದವರು ಆಗ ನಿಧಾನವಾಗಿ ಮರಳುವರು.

ಜಾಝ್‌ನವರೂ ಮಾಡುವುದು ಇದನ್ನೇ. ಸ್ಯಾಕ್ಸೊಫೋನಿನವರು ನಾಲ್ಕು ಬಾರ್ ನುಡಿಸಿ ನಿಲ್ಲಿಸಿದರೆ ಡ್ರಮ್ಮರ್ ನಾಲ್ಕು ಬಾರ್ ಉತ್ತರಿಸುತ್ತಾರೆ. ಟ್ರೇಡಿಂಗ್ ಫೋರ್ಸ್ ಎನ್ನುತ್ತಾರೆ. ನಮ್ಮದರಲ್ಲಿ ಲೆಕ್ಕ ಇನ್ನೂ ಬಿಗಿ ಎಂದು ನಾನು ವಾದಿಸಿದರೆ, ಸ್ಕೂಲ್ ಬ್ಯಾಂಡಿನಲ್ಲಿರುವ ನನ್ನ ಮಗ ಒಪ್ಪುವುದಿಲ್ಲ.

ಈ ಸಾಮ್ಯ ಹಿಡಿದವರಲ್ಲಿ ಚಾರ್ಲಿ ಮರಿಯಾನೊ ಒಬ್ಬರು. 1923ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಇಟಾಲಿಯನ್ ಮನೆತನದ ಸ್ಯಾಕ್ಸೊಫೋನ್ ವಾದಕ, ಚಾರ್ಲ್ಸ್ ಮಿಂಗಸ್‌ರಂಥ ದಿಗ್ಗಜರೊಡನೆ ನುಡಿಸಿದವರು. ಮಲೇಷ್ಯಾದಲ್ಲಿ ನಾಗಸ್ವರ ಕೇಳಿ ಮರುಳಾಗಿ, ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತರು. ಮುಂದೆ ಮಣಿಯವರ ಶಾಲೆಯ ಬಳಗದ ಜೊತೆ ಸೇರಿದರು. 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಹೊರಬಂತು, ಮ್ಯೂನಿಕ್‌ನ ಇಸಿಎಂ ಕಂಪನಿಯಿಂದ. ಧ್ವನಿಮುದ್ರಣವಾದದ್ದು ಲುಡ್ವಿಗ್ಸ್‌ಬುರ್ಗ್‌ನಲ್ಲಿ. ಶರತ್ಕಾಲ ಬಂದರೆ ಕುಂಬಳಕಾಯಿ ಪ್ರದರ್ಶನ ನೋಡಲು ನಾವೆಲ್ಲ ಕಾರು ತುಂಬಿಕೊಂಡು ಓಡುವ ಊರೇ!

ಆ ಮುದ್ರಿಕೆಯಲ್ಲಿ ಡ್ರಮ್‌ಸೆಟ್ ಇಲ್ಲ. ಪಿಯಾನೊ ಇಲ್ಲ, ಬೇಸ್ ಗಿಟಾರ್ ಇಲ್ಲ. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ, ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜಿರ, ಇಷ್ಟರ ಮೇಲೆ ಜಾಝ್ ನಿಂತಿದೆ. ಹಾಡಿದವರು ಮಣಿಯವರ ಪತ್ನಿ ಆರ್.ಎ. ರಮಾಮಣಿ. ರಚನೆಗಳಲ್ಲಿ ಹೆಚ್ಚಿನವೂ ಅವರವೇ. ನನ್ನ ಮಟ್ಟಿಗೆ ಆ ಮುದ್ರಿಕೆಯ ನಿಜವಾದ ಯಜಮಾನಿಕೆ ಅವರದು. ಹೊದಿಕೆಯ ಮೇಲೆ ಮೊದಲು ಕಾಣುವ ಹೆಸರು ಮರಿಯಾನೊ ಅವರದಾದರೂ. ನಮ್ಮವರು ವಿದೇಶಿಯರಿಗೆ ತಕ್ಕಂತೆ ಒಂದಿಷ್ಟೂ ಬಾಗಲಿಲ್ಲ, ಬಂದವರೇ ಇವರ ಲೆಕ್ಕಕ್ಕೆ ಕೂತರು. ನನಗೆ ಹೆಮ್ಮೆ ಬರುವುದು ಇದಕ್ಕೆ.

ದೊಡ್ಡಪ್ಪನಿಗೆ ಆ ಹೆಮ್ಮೆ ಬರಲಿಲ್ಲ. "ಕಚೇರಿ ಬಿಟ್ಟು ಇದೆಂಥದ್ದಯ್ಯ" ಎಂದು ಕ್ಯಾಸೆಟ್ಟು ವಾಪಸು ಕೊಟ್ಟರು. ಅಂಥ ಮಡಿವಂತಿಕೆ ಅವರೊಬ್ಬರದೇ ಆಗಿರಲಿಲ್ಲ. ಫ್ಯೂಷನ್ ಎಂದರೆ ಮೂಗು ಮುರಿಯುವವರು ಈಗಲೂ ಇದ್ದಾರೆ, ಕೆಲವು ಫ್ಯೂಷನ್ ಕಾರ್ಯಕ್ರಮ ಕೇಳಿದರೆ ಅವರದು ತಪ್ಪೆಂದೂ ಹೇಳಲಾಗದು.

ಮಣಿಯವರ ಬಳಗ ಎಂಬ್ರಿಯೊ, ಡಿಸಿಡೆಂಟನ್ ಎಂಬ ಇಲ್ಲಿನ ತಂಡಗಳೊಡನೆಯೂ ನುಡಿಸಿತು. ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಮದ್ರಾಸಿನ ರಮೇಶ್ ಶೋತಂ ಅದೇ ಶಾಲೆಯಲ್ಲಿ ತವಿಲ್ ಕಲಿತು, ಕೊನೆಗೆ ಕೊಲೋನ್‌ನಲ್ಲಿ ನೆಲೆಸಿದರು. ಮರಿಯಾನೊ ಕೂಡ ಅಲ್ಲೇ ಇದ್ದು 2009ರಲ್ಲಿ ತೀರಿಕೊಂಡರು.

ಮಕ್ಕಳೇ, 'ಜ್ಯೋತಿ' ಈಗ ಫೋನಿನಲ್ಲೇ ಸಿಗುತ್ತದೆ. ಕೊನ್ನಕ್ಕೋಲು, ಅಂದರೆ ತಕಧಿಮಿ ಎಂದು ಬಾಯಲ್ಲಿ ಹೇಳುವ ಜತಿ, ಬಂದಾಗ ಕೈಯಲ್ಲಿ ತಾಳ ಹಾಕಿ ನೋಡಿ. ತಪ್ಪದೆ ಕೊನೆ ಮುಟ್ಟಿದವರು ಯುಗಾದಿ ಕಾರ್ಯಕ್ರಮಕ್ಕೆ ಹೆಸರು ಕೊಡಿ. ಡ್ರಮ್‌ಸೆಟ್ ತರುವವರಿಗೂ ಜಾಗ ಮಾಡಿಸುತ್ತೇನೆ, ಸಂಚಿಕೆಯವರು ಈಗ ನನ್ನ ಮಾತು ತೆಗೆದುಹಾಕುವಂತಿಲ್ಲ.