ಬೇವಿನೆಣ್ಣೆಯ ಹತ್ತು ವರ್ಷದ ವ್ಯಾಜ್ಯ

ಯುಗಾದಿಯ ದಿನ ಬೇವು-ಬೆಲ್ಲ ತಿನ್ನುವ ನಮಗೆ ಬೇವಿನ ಪರಿಚಯವನ್ನು ಯಾರೂ ಮಾಡಿಕೊಡಬೇಕಿಲ್ಲ. ಕಾಳಿನ ಡಬ್ಬಿಯಲ್ಲಿ ಒಣಗಿದ ಬೇವಿನ ಎಲೆ, ಹೊಲಕ್ಕೆ ಬೇವಿನ ಹಿಂಡಿ, ಬೆಳೆಗೆ ಬೇವಿನ ಬೀಜದ ಕಷಾಯ - ಇವೆಲ್ಲ ನಮ್ಮ ಹಳ್ಳಿಗಳಲ್ಲಿ ತೀರ ಸಾಮಾನ್ಯ. ಆದರೆ 'ಇದು ಎಲ್ಲರಿಗೂ ಗೊತ್ತಿರುವುದೇ' ಎಂಬ ಮಾತನ್ನು ಪುರಾವೆಸಹಿತ ಸಾಬೀತುಪಡಿಸಬೇಕಾಗಿ ಬಂದರೆ? ಅಂಥ ಸಂದರ್ಭ ಬೇವಿನೆಣ್ಣೆಯ ಶಿಲೀಂಧ್ರನಾಶಕ ಗುಣದ ವಿಷಯದಲ್ಲಿ ನಿಜವಾಗಿಯೂ ಬಂದಿತ್ತು.

ಬೇವಿನ ಆಧುನಿಕ ರಸಾಯನ ವಿಜ್ಞಾನದ ಒಂದು ಮುಖ್ಯ ಹೆಜ್ಜೆ 1942ರದು. ಆ ವರ್ಷ ಸಲೀಮುಜ್ಜಮಾನ್ ಸಿದ್ದೀಕಿ ಅವರು ಬೇವಿನೆಣ್ಣೆಯಿಂದ ಮೂರು ಕಹಿ ಪದಾರ್ಥಗಳನ್ನು ಬೇರ್ಪಡಿಸಿದರು. ಈ ವರದಿ ಪ್ರಕಟವಾದುದು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. 1959ರಲ್ಲಿ ಸುಡಾನಿಗೆ ಮಿಡತೆಗಳ ಹಿಂಡು ದಾಳಿಯಿಟ್ಟಾಗ, ಸುತ್ತಲಿನ ಹಸಿರೆಲ್ಲ ಬರಿದಾದರೂ ಬೇವಿನ ಮರಗಳು ಉಳಿದುದನ್ನು ಜರ್ಮನ್ ಕೀಟವಿಜ್ಞಾನಿ ಷ್ಮುಟರರ್ ಗಮನಿಸಿದರು. 1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಎಂಬ ಸಂಯುಕ್ತವನ್ನು ಪ್ರತ್ಯೇಕಿಸಿದರು. ಕೀಟಗಳು ಎಲೆ ತಿನ್ನದಂತೆ ತಡೆಯುವುದು ಮುಖ್ಯವಾಗಿ ಇದೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಹೆಕ್ಸೇನ್‌ನಂಥ ಅಧ್ರುವೀಯ ದ್ರಾವಕದಲ್ಲಿ ಬೀಜದ ಪುಡಿಯನ್ನು ನೆನೆಸಿದರೆ ಎಣ್ಣೆ ಕರಗಿ ಬರುತ್ತದೆ. ಅಜಾಡಿರಾಕ್ಟಿನ್‌ನ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಹೀಗೆ ಪಡೆದ ಎಣ್ಣೆಗೂ ಬೂದಿರೋಗದಂಥ ಶಿಲೀಂಧ್ರ ರೋಗಗಳನ್ನು ಹತೋಟಿಯಲ್ಲಿಡುವ ಗುಣವಿದೆ. ಎಣ್ಣೆ ನೀರಿನಲ್ಲಿ ಬೆರೆಯದ ಕಾರಣ ಸಿಂಪಡಿಸುವ ಮೊದಲು ಸಾಬೂನಿನಂತೆ ವರ್ತಿಸುವ ಪದಾರ್ಥವೊಂದನ್ನು ಸೇರಿಸಬೇಕು.

ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆ ಜಂಟಿಯಾಗಿ 1990ರ ಡಿಸೆಂಬರಿನಲ್ಲಿ ಯುರೋಪಿಯನ್ ಪೇಟೆಂಟ್ ಕಚೇರಿಗೆ ಸಲ್ಲಿಸಿದ ಅರ್ಜಿ ಈ ವಿಧಾನವನ್ನೇ ಕುರಿತದ್ದು. 1994ರ ಸೆಪ್ಟೆಂಬರಿನಲ್ಲಿ ಪೇಟೆಂಟ್ ದೊರೆಯಿತು. ಇದೇ ಕಂಪನಿ ಪಿ. ಜೆ. ಮಾರ್ಗೊ ಎಂಬ ಭಾರತೀಯ ಸಂಸ್ಥೆಯೊಡನೆ ಸೇರಿ ನಮ್ಮ ತುಮಕೂರಿನಲ್ಲಿ ಬೇವಿನ ಬೀಜ ಸಂಸ್ಕರಿಸುವ ಕಾರ್ಖಾನೆಯನ್ನೂ ಹೊಂದಿತ್ತು. 'ಬೇವಿನ ಮರಕ್ಕೇ ಪೇಟೆಂಟ್ ಪಡೆದರು' ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನಿರ್ದಿಷ್ಟ ಪ್ರಮಾಣದಲ್ಲಿ (ಶೇ. 0.1ರಿಂದ 10) ಎಣ್ಣೆಯಿರುವ ಮಿಶ್ರಣದಿಂದ ಶಿಲೀಂಧ್ರವನ್ನು ನಿಯಂತ್ರಿಸುವ ವಿಧಾನಕ್ಕೆ ಮಾತ್ರ ಅದು ಸಂಬಂಧಿಸಿತ್ತು.

ಪೇಟೆಂಟ್ ಸಿಗಬೇಕಾದರೆ ಶೋಧನೆ ಹೊಸದಾಗಿರಬೇಕು. ಆ ಕ್ಷೇತ್ರದ ನುರಿತವರಿಗೆ ಸಹಜವಾಗಿ ಹೊಳೆಯುವಂಥದ್ದೂ ಆಗಿರಬಾರದು. ಇವೆರಡೂ ಇಲ್ಲಿಲ್ಲವೆಂದು 1995ರಲ್ಲಿ ವಂದನಾ ಶಿವ, ಯುರೋಪಿಯನ್ ಸಂಸತ್ತಿನ ಹಸಿರು ಗುಂಪು ಮತ್ತು ಸಾವಯವ ಕೃಷಿ ಸಂಘಟನೆಗಳ ಅಂತರರಾಷ್ಟ್ರೀಯ ಒಕ್ಕೂಟ ಆಕ್ಷೇಪಣೆ ಸಲ್ಲಿಸಿದರು. 2000ದ ಮೇ ತಿಂಗಳಲ್ಲಿ ಮ್ಯೂನಿಕ್ ನಗರದಲ್ಲಿ ವಿಚಾರಣೆ ನಡೆಯಿತು. ಭಾರತೀಯ ಉದ್ಯಮಿ ಅಭಯ್ ಫಡ್ಕೆ ಅಲ್ಲಿ ಸಾಕ್ಷ್ಯ ನುಡಿದು, ಅಮೆರಿಕದವರ ಅರ್ಜಿಗೆ ವರ್ಷಗಳ ಮೊದಲೇ, 1985 ಮತ್ತು 1986ರಲ್ಲಿ, ಬೇವಿನ ಸಾರವನ್ನು ಮಹಾರಾಷ್ಟ್ರದ ಹೊಲಗಳಲ್ಲಿ ಪ್ರಯೋಗಿಸಿದ್ದನ್ನು ವಿವರಿಸಿದರು. ಮೇ 10ರಂದು ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರ ಮಾರ್ಚ್ 8ರಂದು ವಜಾ ಆಯಿತು.

ನೆನಪಿಡಿ, ಯುರೋಪಿನ ಕಾನೂನು ಜಗತ್ತಿನ ಯಾವ ಮೂಲೆಯಲ್ಲಾದರೂ ನಡೆದ ಬಹಿರಂಗ ಬಳಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಮೆರಿಕದಲ್ಲಿ 2013ರವರೆಗೆ ಹಾಗಿರಲಿಲ್ಲ. ಹೊರದೇಶದ ಬಳಕೆ ಮುದ್ರಣದಲ್ಲೋ ಪೇಟೆಂಟಿನಲ್ಲೋ ದಾಖಲಾಗಿದ್ದರೆ ಮಾತ್ರ ಅಲ್ಲಿ ಅದಕ್ಕೆ ಬೆಲೆ. ನಮ್ಮ ರೈತನ ತಲೆಮಾರುಗಳ ಅನುಭವ ಬಾಯಿಮಾತಿನಲ್ಲೇ ಉಳಿದಿದ್ದರೆ ಅಲ್ಲಿ ಅದು ಇಲ್ಲದಂತೆಯೇ! ಅರಿಶಿನದ ಪೇಟೆಂಟ್ 1997ರಲ್ಲಿ ಅಲ್ಲಿ ರದ್ದಾದುದು ಮುದ್ರಿತ ದಾಖಲೆಗಳ ಬಲದಿಂದ. ಈ ಪಾಠ ಕಲಿತ ಭಾರತ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕೆಲಸ ಆರಂಭಿಸಿತು. 2009ರಲ್ಲಿ ಅದು ಯುರೋಪಿಯನ್ ಪೇಟೆಂಟ್ ಕಚೇರಿಯ ಪರೀಕ್ಷಕರಿಗೂ ತೆರೆಯಿತು. ಆದರೆ ಅದು ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ ಮುಂತಾದ ಪದ್ಧತಿಗಳ ಗ್ರಂಥಗಳನ್ನು ಆಧರಿಸಿದ್ದು. ಗ್ರಂಥಕ್ಕೆ ಏರದ ಹಳ್ಳಿಯ ತಿಳಿವಳಿಕೆ ಇನ್ನೂ ಬೇಕಾದಷ್ಟಿದೆ.

ಆದ್ದರಿಂದ ಶಿಕ್ಷಕರಲ್ಲಿ ಒಂದು ಮನವಿ. ನಿಮ್ಮ ವಿದ್ಯಾರ್ಥಿಗಳು ಬೇವು, ಹೊಂಗೆ ಅಥವಾ ಅತ್ತಿಯ ಸಾರವನ್ನು ಬ್ರೆಡ್ಡಿನ ಬೂಸ್ಟಿನ ಮೇಲೆ ಪರೀಕ್ಷಿಸಬಹುದು. ಆಗ ಸಾರದ ಪ್ರಮಾಣ, ದ್ರಾವಕ, ದಿನಾಂಕ, ಉಷ್ಣತೆಗಳನ್ನು ಬರೆದಿಡಲಿ. ಸಾರ ಹಾಕದ ತುಂಡೊಂದನ್ನೂ ಹೋಲಿಕೆಗೆ ಇಡಲಿ. ಈ ಬಳಕೆಯನ್ನು ಹೇಳಿಕೊಟ್ಟ ಅಜ್ಜಿಯ ಹೆಸರು, ಊರುಗಳನ್ನೂ ಅವರ ಒಪ್ಪಿಗೆ ಪಡೆದು ಅದೇ ಪುಟದಲ್ಲಿ ನಮೂದಿಸಲಿ.