ಲಕ್ಷಣಗ್ರಂಥಗಳು ಮತ್ತು ಕಾವ್ಯಪಾಠದ ಸಂರಕ್ಷಣೆ

ಹಳಗನ್ನಡದಲ್ಲಿ ಕಾವ್ಯರಚನೆಗೆ ತೊಡಗುವ ವಿದ್ಯಾರ್ಥಿಯು ಅರಿತಿರಬೇಕಾದ ವಿಷಯಗಳು ಮುಖ್ಯವಾಗಿ ನಾಲ್ಕು: ಪದ್ಯದ ಬಂಧ, ಅದಕ್ಕೆ ಶೋಭೆ ತರುವ ಅಲಂಕಾರ, ವರ್ಣಿಸಬೇಕಾದ ವಸ್ತು, ಪೂರ್ವಕವಿಗಳ ಮಾರ್ಗ. ಇವನ್ನು ಬೋಧಿಸುವ ಗ್ರಂಥಗಳು ಒಂಬತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಒಂದರ ಹಿಂದೊಂದು ಹುಟ್ಟಿದುವು. ಇವನ್ನು ಕೇವಲ ಶಿಕ್ಷಾಗ್ರಂಥಗಳೆಂದು ಬಗೆಯುವುದು ವಾಡಿಕೆ. ಆದರೆ ಕಾವ್ಯಗಳ ಪಾಠವನ್ನು ಲಿಪಿಕಾರರ ಪ್ರಮಾದದಿಂದಲೂ ಕವಿಗಳ ಹೆಸರನ್ನು ಮರೆವಿನಿಂದಲೂ ಕಾಪಾಡಿದುವು ಈ ಗ್ರಂಥಗಳೇ ಎಂಬುದು ಹಸ್ತಪ್ರತಿಗಳ ಅಧ್ಯಯನದಿಂದ ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ ಬಂಧದ ವಿಚಾರ. ನಾಗವರ್ಮನ ‘ಛಂದೋಂಬುಧಿ’ (ಸು. 990) ಸಂಸ್ಕೃತ ವೃತ್ತಗಳೊಡನೆ ಏಳೆ, ತ್ರಿಪದಿ, ಅಕ್ಕರ, ಷಟ್ಪದಿ ಮೊದಲಾದ ದೇಶೀಯ ಮಟ್ಟುಗಳನ್ನೂ ಬ್ರಹ್ಮ, ವಿಷ್ಣು, ರುದ್ರ ಗಣಗಳಿಂದ ವಿವರಿಸುತ್ತದೆ. ಪಾದದ ಎರಡನೆಯ ಅಕ್ಷರದ ಪ್ರಾಸವನ್ನು ಆರು ಬಗೆಯಾಗಿ ವಿಂಗಡಿಸಿ, ಹಿಂದಣ ಅಕ್ಷರ ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ಒತ್ತಕ್ಷರಗಳಿಗೆ ಶರಭ, ಹಯ ಎಂದು ಪ್ರಾಣಿಗಳ ಹೆಸರಿಟ್ಟಿರುವುದು ಬಾಯಿಪಾಠಕ್ಕೆ ಅನುಕೂಲವಾದ ಕ್ರಮ.

ಈ ನಿಯಮವು ಕವಿಗೆ ಎಷ್ಟು ಅಗತ್ಯವೋ ಗ್ರಂಥಸಂಪಾದಕನಿಗೂ ಅಷ್ಟೇ ಅಗತ್ಯ. ಱಕಾರ, ೞಕಾರಗಳು ಬಳಕೆಯಿಂದ ತಪ್ಪಿದ ಮೇಲೆ ಲಿಪಿಕಾರರು ಅವುಗಳ ಸ್ಥಾನದಲ್ಲಿ ರಕಾರ, ಳಕಾರಗಳನ್ನು ಬರೆದರು. ‘ಬಾೞ್’ ಎಂದರೆ ಜೀವಿಸು. ‘ಬಾಳ್’ ಎಂದರೆ ಕತ್ತಿ. ಓಲೆಯಲ್ಲಿ ಎರಡೂ ಒಂದೇ ಆಗಿ ಕಾಣುವಾಗ ಅರ್ಥವನ್ನು ನಿರ್ಣಯಿಸುವುದೆಂತು? ಉಳಿದ ಪಾದಗಳ ಪ್ರಾಸಸ್ಥಾನದಲ್ಲಿ ‘ಏೞ್’, ‘ಕೀೞ್’ ಮೊದಲಾದ ಶಬ್ದಗಳಿದ್ದರೆ, ಪ್ರಾಚೀನ ಕವಿಯು ಬರೆದುದು ‘ಬಾೞ್’ ಎಂದೇ ಊಹಿಸುವುದು ನ್ಯಾಯ. ಅಂತೆಯೇ ಕಂದಪದ್ಯದ ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳಿರಬೇಕೆಂಬ ನಿಯಮವು ಬಿಟ್ಟುಹೋದ ಅಕ್ಷರವನ್ನು ಕೂಡಲೇ ತೋರಿಸಿಕೊಡುತ್ತದೆ. ಆದರೆ ಎಣಿಕೆಯೊಂದೇ ಸಾಲದು. ಕೆಲವೆಡೆ ಒತ್ತಕ್ಷರದ ಹಿಂದಣ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುವುದನ್ನು ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ (ಸು. 1260) ಶಿಥಿಲದ್ವಿತ್ವವೆಂದು ನಿರೂಪಿಸಿದ್ದಾನೆ. ಇದನ್ನರಿಯದವನು ಶುದ್ಧಪಾಠವನ್ನೇ ಅಶುದ್ಧವೆಂದು ಭಾವಿಸಿ ತಿದ್ದುವ ಅಪಾಯವುಂಟು.

ಅಲಂಕಾರಗಳನ್ನು ಬೋಧಿಸುವ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದು ‘ಕವಿರಾಜಮಾರ್ಗ’ (ಸು. 850). ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿದರೂ ಅದು ಕನ್ನಡದ ಪ್ರತ್ಯೇಕತೆಯನ್ನು ಮರೆತಿಲ್ಲ, ಚತ್ತಾಣ, ಬೆದಂಡೆಗಳೆಂಬ ಕಾವ್ಯರೂಪಗಳನ್ನು ಹೆಸರಿಸುವುದೇ ಇದಕ್ಕೆ ಸಾಕ್ಷಿ. ಇಮ್ಮಡಿ ನಾಗವರ್ಮನ ‘ಕಾವ್ಯಾವಲೋಕನ’ವು ವ್ಯಾಕರಣ, ದೋಷ, ಗುಣ, ರೀತಿ ಮತ್ತು ರಸ, ಕವಿಸಮಯ ಎಂಬ ಕ್ರಮದಲ್ಲಿ ಐದು ಅಧಿಕರಣಗಳಲ್ಲಿ ಸಮಗ್ರ ಪಾಠಕ್ರಮವನ್ನೇ ಒದಗಿಸುತ್ತದೆ. ಕೇಶಿರಾಜನ ತಂದೆಯಾದ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಸಂಕಲಿಸಿದ ‘ಸೂಕ್ತಿಸುಧಾರ್ಣವ’ದಲ್ಲಿ ಸಮುದ್ರ, ಪರ್ವತ, ನಗರ, ಋತು ಮುಂತಾದ ವರ್ಣನೆಗಳಿಗೆ ಅನುಗುಣವಾಗಿ ಪೂರ್ವಕವಿಗಳ ಪದ್ಯಗಳು ಜೋಡಣೆಗೊಂಡಿವೆ. ವಸ್ತುವನ್ನು ವರ್ಣಿಸುವ ಬಗೆಯನ್ನು ಅಭ್ಯಾಸಿಯು ಲಕ್ಷ್ಯದಿಂದಲೇ ಕಲಿಯಲೆಂಬುದು ಇದರ ಆಶಯವೆನ್ನಬಹುದು.

ಹೀಗೆ ಪಾಠಕ್ಕೆಂದು ಆಯ್ದ ಪದ್ಯಗಳೇ ಮುಂದೆ ಇತಿಹಾಸಕ್ಕೆ ಆಧಾರವಾದುವು. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳ ಪೂರ್ಣಪ್ರತಿಗಳು ದೊರೆತಿಲ್ಲ, ಉದ್ಧೃತ ಪದ್ಯಗಳಿಂದಲೇ ಅವುಗಳ ಪರಿಚಯ. 853ರಲ್ಲಿ ಸಂಸ್ಕೃತ ವರ್ಧಮಾನಚರಿತೆಯನ್ನು ರಚಿಸಿದ ಅಸಗನು ಕನ್ನಡದಲ್ಲಿಯೂ ಮಾನ್ಯಕವಿಯಾಗಿದ್ದನೆಂಬುದನ್ನು ಕೇಶಿರಾಜನ ಕವಿನಾಮಾವಳಿ ದೃಢಪಡಿಸುತ್ತದೆ. ಅವನ ಕನ್ನಡ ಕಾವ್ಯ ಮಾತ್ರ ಲುಪ್ತವಾಗಿದೆ. ‘ಕವಿರಾಜಮಾರ್ಗ’ವು ಹೆಸರಿಸುವ ವಿಮಲೋದಯ, ನಾಗಾರ್ಜುನ, ಜಯಬಂಧುಗಳ ಗದ್ಯವೂ ಅಂತೆಯೇ ಕಾಲಗರ್ಭವನ್ನು ಸೇರಿದೆ.

ಆದರೆ ಅನ್ಯಗ್ರಂಥಗಳನ್ನು ರಕ್ಷಿಸಿದ ಈ ಲಕ್ಷಣಗ್ರಂಥಗಳಿಗೆ ತಮ್ಮ ಪಾಠವನ್ನು ರಕ್ಷಿಸಿಕೊಳ್ಳುವುದು ಸುಲಭವಾಗಲಿಲ್ಲ. ‘ಛಂದೋಂಬುಧಿ’ಯು ಬಹುಕಾಲ ಅಭ್ಯಾಸದಲ್ಲಿದ್ದ ಗ್ರಂಥ. ಕಿಟ್ಟೆಲರು 1875ರಲ್ಲಿ ಮಂಗಳೂರಿನಿಂದ ಅದನ್ನು ಪ್ರಕಟಿಸಿದ ಮೇಲೆ, ಅದರಲ್ಲಿ ಸೇರಿಕೊಂಡ ಪ್ರಕ್ಷಿಪ್ತ ಪದ್ಯಗಳ ಪ್ರಶ್ನೆ ವಿದ್ವಾಂಸರನ್ನು ಕಾಡುತ್ತಲೇ ಬಂದಿದೆ. ಓದುವವರ ಕೈಗೆ ಹೆಚ್ಚು ಬಂದ ಪ್ರತಿಯಲ್ಲಿ ಹೆಚ್ಚು ಸೇರ್ಪಡೆಗಳಾಗುವುದು ಸಹಜ. ಭಂಡಾರದಲ್ಲಿ ಪೂಜೆಗೊಳ್ಳುವ ಓಲೆ ಬದಲಾಗದು; ಪಾಠಶಾಲೆಯಲ್ಲಿ ತಿರುವಿದ ಓಲೆ ಬದಲಾಗುತ್ತದೆ.

ಆದುದರಿಂದ ಪ್ರಕ್ಷೇಪಗಳನ್ನು ಮೂಲದಿಂದ ಬೇರ್ಪಡಿಸುವುದು ಸಂಪಾದಕನ ಕರ್ತವ್ಯವೇ ಆದರೂ, ಅವನ್ನು ತ್ಯಾಜ್ಯವೆಂದು ಕಡೆಗಣಿಸುವುದು ಉಚಿತವಲ್ಲ. ನಾಗವರ್ಮನು ಬರೆದುದೇನೆಂಬುದಕ್ಕೆ ಅವು ಪ್ರಮಾಣವಾಗಲಾರವು. ಅವನ ಗ್ರಂಥವನ್ನು ಮುಂದಿನ ಶಿಷ್ಯಪರಂಪರೆ ಹೇಗೆ ಓದಿತು, ಎಲ್ಲಿ ಅದು ಸಾಲದೆಂದು ಭಾವಿಸಿತು ಎಂಬುದಕ್ಕೆ ಅವೇ ಪ್ರಮಾಣ. ಅಂಥ ಪದ್ಯಗಳನ್ನು ಅನುಬಂಧದಲ್ಲಿ ಪ್ರತಿಸಹಿತವಾಗಿ ಉಳಿಸಿದಲ್ಲಿ ಕನ್ನಡ ನಾಡಿನ ಕಾವ್ಯಶಿಕ್ಷಣದ ಚರಿತ್ರೆಯೂ ಉಳಿಯುತ್ತದೆ.