ಬಾಕಿ ಉಳಿದ ಹಾಡು

ಕೂಡಿ ಹಾಡಿದವರು ಬೇರೆಯಾಗುವುದು ಹೊಸ ಸಂಗತಿಯಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಿನ ಊರುಗಳಲ್ಲಿ, ಒಂದು ಕಾಲಕ್ಕೆ ಹೆಸರು ಮಾಡಿದ್ದ ಭಜನಾ ಮಂಡಳಿಯನ್ನೋ ನಾಟಕದ ತಂಡವನ್ನೋ ನೆನೆಯುವ ಹಿರಿಯರು ಇಂದಿಗೂ ಸಿಗುತ್ತಾರೆ. ಒಬ್ಬನಿಗೆ ನೌಕರಿ ಸಿಕ್ಕಿತು, ಇನ್ನೊಬ್ಬ ಬೆಂಗಳೂರು ಸೇರಿದ, ಹಾರ್ಮೋನಿಯಂ ಅಟ್ಟಕ್ಕೇರಿತು. ಅಂಥವರು ಹಲವು ದಶಕಗಳ ಅನಂತರ ಮತ್ತೆ ಒಂದೆಡೆ ಸೇರಿ ಹಾಡಿದರೆ ಅದಕ್ಕೆ ಏನು ಅರ್ಥ? ಅದು ಕಳೆದುಹೋದ ಯೌವನದ ಹಂಬಲ ಮಾತ್ರವೇ, ಅದಕ್ಕಿಂತ ಮಿಗಿಲಾದುದೂ ಉಂಟೇ? ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಊರುಗಳ ಚರಿತ್ರೆ ಈ ಪ್ರಶ್ನೆಗೆ ಒಂದೇ ಉತ್ತರವನ್ನು ಸೂಚಿಸುತ್ತದೆ. ಒಂದು ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್. ಇನ್ನೊಂದು ನಮ್ಮದೇ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ.

ಸೇಂಟ್ ಆಲ್ಬನ್ಸಿನಲ್ಲಿ 1960ರ ದಶಕದ ಆರಂಭದಲ್ಲಿ ರೂಪುಗೊಂಡ ಪಾಪ್ ತಂಡ 'ದಿ ಝಾಂಬೀಸ್'. ಐವರು ಯುವಕರ ಈ ತಂಡದ ಮೊದಲ ಧ್ವನಿಮುದ್ರಿಕೆ 1964ರಲ್ಲಿ ಹೊರಬಂದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ಕೀರ್ತಿ ಬಂದಷ್ಟೇ ಬೇಗ ಇಳಿಯತೊಡಗಿತು. 1967ರಲ್ಲಿ ಅವರು ಮನಸ್ಸಿಟ್ಟು ಒಂದು ಗೀತಸಂಪುಟವನ್ನು ಧ್ವನಿಮುದ್ರಿಸಿದರು. ಆದರೆ ಆ ವೇಳೆಗೆ ಹಣದ ಅಡಚಣೆ ತಂಡವನ್ನು ಬಿರುಕುಬಿಡಿಸಿತ್ತು. ಹಾಡು ರಚಿಸುತ್ತಿದ್ದ ಇಬ್ಬರಿಗೆ ಗೌರವಧನ ಬರುತ್ತಿತ್ತು. ಉಳಿದ ಮೂವರ ಬದುಕು ಕಛೇರಿಗಳ ಸಂಪಾದನೆಯನ್ನೇ ನೆಚ್ಚಿಕೊಂಡಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ತಂಡ ಚದುರಿತು. ಸಂಪುಟ ಪ್ರಕಟವಾದದ್ದು 1968ರ ಏಪ್ರಿಲಿನಲ್ಲಿ, ಹಾಡಿದವರು ಬೇರೆ ಬೇರೆಯಾದ ಮೇಲೆ.

ವಿಧಿಯ ವ್ಯಂಗ್ಯ ಇಲ್ಲಿಗೆ ಮುಗಿಯಲಿಲ್ಲ. 1969ರಲ್ಲಿ ಆ ಸಂಪುಟದ ಒಂದು ಹಾಡು ಅಮೆರಿಕದಲ್ಲಿ 3ನೆಯ ಸ್ಥಾನಕ್ಕೇರಿತು. ಕೇಳುಗರು ತಂಡವನ್ನು ಅರಸಿದರು, ತಂಡವೇ ಇರಲಿಲ್ಲ. ಅವರ ಹೆಸರನ್ನಿಟ್ಟುಕೊಂಡ ನಕಲಿ ತಂಡಗಳು ಅಮೆರಿಕದಲ್ಲಿ ಸುತ್ತಾಡಿ ಹಣ ಮಾಡಿದವು. ನಿಜವಾದ ಗಾಯಕ ಕಾಲಿನ್ ಬ್ಲನ್‌ಸ್ಟೋನ್ ಆ ನಡುವೆ ಲಂಡನ್ನಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆ ಮಾಡಿದ್ದುಂಟು. ಕೀರ್ತಿ ಮತ್ತೆ ಬಾಗಿಲಿಗೆ ಬಂದಾಗಲೂ ಐವರು ಕೂಡಲಿಲ್ಲ. ಪ್ರತಿಯೊಬ್ಬರೂ ಅದಾಗಲೇ ಬೇರೆ ಹಾದಿ ಹಿಡಿದಿದ್ದರು.

ಅವರು ಆ ಸಂಪುಟಕ್ಕಾಗಿ ಸೇರಿದ್ದು 2008ರ ಮಾರ್ಚಿನಲ್ಲಿ, ಲಂಡನ್ನಿನ ಶೆಫರ್ಡ್ಸ್ ಬುಷ್ ರಂಗಮಂದಿರದಲ್ಲಿ. ಧ್ವನಿಮುದ್ರಿಸಿ ನಾಲ್ಕು ದಶಕಗಳಾದರೂ ಒಮ್ಮೆಯೂ ಸಭೆಯ ಮುಂದೆ ಇಡಿಯಾಗಿ ಹಾಡಿರದ ಆ ಸಂಪುಟವನ್ನು ಅಂದು ಮೊದಲಿನಿಂದ ಕೊನೆಯವರೆಗೆ ಹಾಡಿದರು. ಆದರೆ ಬಂದವರು ನಾಲ್ವರೇ. ಗಿಟಾರ್ ನುಡಿಸುತ್ತಿದ್ದ ಪಾಲ್ ಅಟ್ಕಿನ್‌ಸನ್ 2004ರಲ್ಲಿ ತೀರಿಕೊಂಡಿದ್ದರು. ಆ ಸ್ಥಾನದಲ್ಲಿ ಬೇರೊಬ್ಬರು ನಿಂತು ನುಡಿಸಿದರು.

ಈಗ ಕಾವೇರಿಯ ದಡಕ್ಕೆ ಬರೋಣ. ರುದ್ರಪಟ್ಟಣದಲ್ಲಿ ಇಂಥ ತಂಡವಿರಲಿಲ್ಲ; ಊರೇ ಒಂದು ಮೇಳವಾಗಿತ್ತು. ಸಂಕೇತಿ ಸಮುದಾಯದ ಮನೆಗಳಲ್ಲಿ ವೇದಪಾಠದಷ್ಟೇ ಸಹಜವಾಗಿ ಸಂಗೀತವೂ ಬೆಳೆದು, ಅದು ಸಂಗೀತಗ್ರಾಮವೆಂದೇ ಹೆಸರಾಯಿತು. ಆದರೆ ಕಲೆಯನ್ನು ಕೊಟ್ಟ ಊರು ಕಲಾವಿದರಿಗೆ ಜೀವನೋಪಾಯವನ್ನು ಕೊಡಲಾರದೆ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ಮೈಸೂರು ಬೆಂಗಳೂರುಗಳ ವಿದ್ಯಾಲಯಗಳೂ ಸಭೆಗಳೂ ಆಕಾಶವಾಣಿಯೂ ಅವರನ್ನು ಕರೆದವು. 1920ರಲ್ಲಿ ಇಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರ ತಂದೆ ಕೃಷ್ಣಶಾಸ್ತ್ರಿಗಳು ಹರಿಕಥಾ ವಿದ್ವಾಂಸರು. ಅಣ್ಣ ವೆಂಕಟರಾಮಾಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಶ್ರೀಕಂಠನ್ ಮೈಸೂರಿಗೆ ಹೋಗಿ, ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. 2011ರಲ್ಲಿ ಪದ್ಮಭೂಷಣ ಬಂತು. 2014ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ತ್ಯಾಗರಾಜನ್ ಮತ್ತು ತಾರಾನಾಥನ್ ಜೋಡಿ 'ರುದ್ರಪಟ್ಟಣಂ ಸಹೋದರರು' ಎಂದೇ ಪ್ರಸಿದ್ಧವಾಯಿತು. ಹೀಗೆ ಊರಿನ ಹೆಸರು ನಾಡೆಲ್ಲ ಕೇಳಿಸಿತು. ಊರು ಮಾತ್ರ ಮೌನದ ಕಡೆಗೆ ಸರಿಯಿತು.

ಆ ಮೌನವನ್ನು ಮುರಿಯಲು ಹೊರಟವರು ಇದೇ ಊರಿನ ವಿದ್ವಾನ್ ಆರ್. ಕೆ. ಪದ್ಮನಾಭ. ಬೆಂಗಳೂರಿನಲ್ಲಿ ಗಾಯಕರಾಗಿ, ಗುರುಗಳಾಗಿ ನೆಲೆಯೂರಿದ್ದ ಅವರು ಈ ಶತಮಾನದ ಆರಂಭದ ವರ್ಷಗಳಲ್ಲಿ ರುದ್ರಪಟ್ಟಣದಲ್ಲಿ ವಾರ್ಷಿಕ ಸಂಗೀತೋತ್ಸವವನ್ನು ಮೊದಲುಮಾಡಿದರು. ಊರು ಬಿಟ್ಟವರ ಮನೆತನದವರೂ ಹೊರಗಿನ ವಿದ್ವಾಂಸರೂ ಅಲ್ಲಿ ಹಾಡಿದರು. ಮುಂದೆ ತಂಬೂರಿಯ ಆಕಾರದಲ್ಲಿ ಎತ್ತರವಾಗಿ 'ಸಪ್ತಸ್ವರ ದೇವತಾ ಧ್ಯಾನಮಂದಿರ'ವೂ ಅವರ ಪ್ರಯತ್ನದಿಂದ ಎದ್ದು ನಿಂತಿತು.

ಸೇಂಟ್ ಆಲ್ಬನ್ಸಿನ ಪಾಪ್ ಗೀತೆಗೂ ರುದ್ರಪಟ್ಟಣದ ಕೃತಿಗೂ ಶ್ರುತಿ ಬೇರೆ, ಲಯ ಬೇರೆ. ಆದರೂ ಎರಡೂ ಕಡೆ ಜನರನ್ನು ಮರಳಿ ಕರೆದದ್ದು ಹಳೆಯ ಕೀರ್ತಿಯಲ್ಲ. ಕೀರ್ತಿಯೇ ಕರೆಯುವುದಾಗಿದ್ದರೆ 1969ರಲ್ಲೇ ಆ ಐವರು ಓಡಿಬರಬೇಕಿತ್ತು. ಬೆಂಗಳೂರಿನ ವೇದಿಕೆಗಳಿರುವಾಗ ಹೊಳೆಯ ದಡದ ಹಳ್ಳಿಗೆ ಯಾರೂ ತಂಬೂರಿ ಹೊತ್ತು ಬರಬೇಕಿರಲಿಲ್ಲ. ಅವರನ್ನು ಕರೆದದ್ದು ಬಾಕಿ. ಅಲ್ಲಿ, ಹಾಡದೆ ಉಳಿದಿದ್ದ ಒಂದು ಸಂಪುಟ. ಇಲ್ಲಿ, ತೀರಿಸದೆ ಉಳಿದಿದ್ದ ಊರಿನ ಋಣ. ಹಳೆಯದನ್ನು ಮತ್ತೆ ಅನುಭವಿಸಲು ಸೇರುವವರಿಗೆ ಒಂದು ಸಂಜೆ ಸಾಕು. ಉಳಿದದ್ದನ್ನು ಪೂರೈಸಲು ಸೇರುವವರು ಏನನ್ನಾದರೂ ಬಿಟ್ಟುಹೋಗುತ್ತಾರೆ.

ಎಲ್ಲ ಬಾಕಿಗೂ ಗಡುವು ಉಂಟು ಎಂಬುದನ್ನೂ ಈ ಚರಿತ್ರೆ ನೆನಪಿಸುತ್ತದೆ. 2008ರ ಆ ರಾತ್ರಿ ಹಾಡು ಪೂರ್ಣವಾಯಿತು, ತಂಡ ಪೂರ್ಣವಾಗಲಿಲ್ಲ. ನಾಲ್ಕು ವರ್ಷ ಮುಂಚೆ ಸೇರಿದ್ದರೆ ಐವರೂ ಇರುತ್ತಿದ್ದರೇನೋ. ನಮ್ಮ ಊರುಗಳಲ್ಲಿಯೂ ಅಟ್ಟ ಸೇರಿದ ಹಾರ್ಮೋನಿಯಂಗಳಿವೆ. ಅವನ್ನು ನುಡಿಸಬಲ್ಲ ಬೆರಳುಗಳು ಇನ್ನೂ ಕೆಲವೆಡೆ ಉಳಿದಿವೆ. ಕಂಠ ನಡುಗಿದರೂ ಚಿಂತೆಯಿಲ್ಲ. ಕೇಳಿ ಕಲಿಯಲು ಒಂದಿಬ್ಬರು ಮಕ್ಕಳು ಪಕ್ಕದಲ್ಲಿ ಕುಳಿತಿದ್ದರೆ ಸಾಕು.